ಓಟಿ ಮೇಡಂ ಆಗಬೇಕಾ? ವಾರ್ಡ್ ಬಿಡದೆ ಪಾಠ ಹೇಳುವ ದಾರಿ

ವರ್ಷಕ್ಕೆ ಐದಾರು ಸಲವಾದರೂ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಥರದ ಮೆಸೇಜ್ ಬರುತ್ತದೆ. "ಮೇಡಂ, ಕ್ಲಿನಿಕ್ ಸಾಕಾಗಿದೆ. ಟೀಚಿಂಗ್‌ಗೆ ಬರೋಣ ಅಂತಿದ್ದೀನಿ, ಏನು ಮಾಡ್ಲಿ?" ಆ "ಸಾಕಾಗಿದೆ" ಅನ್ನೋ ಪದ ನೋಡಿದ ಕೂಡಲೇ ನನಗೆ ಸ್ವಲ್ಪ ಭಯ. ಆಕ್ಯುಪೇಷನಲ್ ಥೆರಪಿ, ಅಂದರೆ ಓಟಿ ಕಲಿಸುವ ಕೆಲಸದಲ್ಲಿ ಪೇಷಂಟ್‌ಗಳಿಂದ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ತಪ್ಪಿಸಿಕೊಂಡರೆ ಎರಡೇ ವರ್ಷಕ್ಕೆ ಗೊತ್ತಾಗುತ್ತದೆ, ಮೊದಲು ವಿದ್ಯಾರ್ಥಿಗಳಿಗೆ, ಆಮೇಲೆ ನಮಗೆ.

ನಾನೇ ಆ ತಪ್ಪು ಮಾಡಿದವಳು. ಮೊದಲ ಟೀಚಿಂಗ್ ಕೆಲಸ ಸಿಕ್ಕ ಕಾಲೇಜಿನಲ್ಲಿ ವಾರಕ್ಕೆ 22 ಗಂಟೆ ಕ್ಲಾಸ್ ಹಾಕಿದರು, ಕ್ಲಿನಿಕ್ ಒಂದು ಗಂಟೆಯೂ ಇರಲಿಲ್ಲ. ಹೊಸ ಹುರುಪು, ಒಪ್ಪಿಕೊಂಡೆ. ಎರಡು ವರ್ಷ ಆದ ಮೇಲೆ ಒಂದು ದಿನ ಇಂಟರ್ನ್ ಹುಡುಗಿಯೊಬ್ಬಳು ವಾರ್ಡ್‌ನಲ್ಲಿ, "ಮೇಡಂ, ಇವರನ್ನ ಹಾಸಿಗೆಯಿಂದ ವೀಲ್‌ಚೇರಿಗೆ ಹೇಗೆ ಕೂರಿಸೋದು, ಒಂದ್ಸಲ ತೋರಿಸಿ" ಅಂದಳು. ಹತ್ತು ಸ್ಲೈಡ್ ಮಾಡಿ ಪಾಠ ಹೇಳಿದ್ದ ವಿಷಯ. ಆದರೆ ಆ ದಪ್ಪನೆಯ ಮನುಷ್ಯನ ಸೊಂಟದ ಬೆಲ್ಟ್ ಹಿಡಿದಾಗ ನನ್ನ ಕಾಲು ಎಲ್ಲಿಡಬೇಕು ಅನ್ನೋದೇ ಮರೆತುಹೋಗಿತ್ತು. ಪಕ್ಕದಲ್ಲಿದ್ದ ಸಿಸ್ಟರ್ ಬಂದು ಸಹಾಯ ಮಾಡಿದರು. ಆ ವರ್ಷವೇ ಆ ಕೆಲಸ ಬಿಟ್ಟೆ. ಹಾಗಾಗಿ ಈ ಲೇಖನದಲ್ಲಿ ಡಿಗ್ರಿ, ಪಿಎಚ್‌ಡಿ ಎಲ್ಲ ಬರುತ್ತದೆ, ಆದರೆ ಜಾಸ್ತಿ ಮಾತು ವಾರ್ಡ್ ಬಗ್ಗೆಯೇ ಇರುತ್ತದೆ.

ಈ ಕ್ಷೇತ್ರ ಗೊತ್ತಿಲ್ಲದವರಿಗೆ ಎರಡು ಮಾತು. ಕಾಯಿಲೆ, ಅಪಘಾತ, ಹುಟ್ಟಿನಿಂದ ಬಂದ ತೊಂದರೆ, ಮಾನಸಿಕ ಕಾಯಿಲೆ, ಯಾವುದೇ ಇರಲಿ, ಅದರಿಂದಾಗಿ ದಿನದ ಕೆಲಸ ಮಾಡಲು ಆಗದವರಿಗೆ ಆ ಕೆಲಸ ಮತ್ತೆ ಮಾಡೋದನ್ನು ಕಲಿಸುವುದು ನಮ್ಮ ವೃತ್ತಿ. ಉಣ್ಣುವುದು, ಸ್ನಾನ, ಬಟ್ಟೆ, ಅಡುಗೆ, ಶಾಲೆ, ಹೊಲದ ಕೆಲಸ, ಎಲ್ಲವೂ. ಆಸ್ಪತ್ರೆಯಲ್ಲಿ "ಓಟಿ" ಅಂದರೆ ಎಲ್ಲರೂ ಆಪರೇಷನ್ ಥಿಯೇಟರ್ ಅಂದುಕೊಳ್ಳುತ್ತಾರೆ. ಸರಿ, ಕನ್ನಡದಲ್ಲಿ "ಔದ್ಯೋಗಿಕ ಚಿಕಿತ್ಸೆ" ಅಂತ ಬೋರ್ಡ್ ಹಾಕಿದರೆ ಕೆಲಸ ಕೊಡಿಸ್ತೀರಾ ಅಂತ ಕೇಳಿಕೊಂಡು ಬರುತ್ತಾರೆ. ಒಮ್ಮೆ ಒಬ್ಬರು ಬಯೋಡೇಟಾ ಸಮೇತ ಬಂದಿದ್ದರು.

1. ಓದಿನ ಲೆಕ್ಕ, ಬೇಗ ಮುಗಿಸೋಣ

ಪಿಯುಸಿ ಸೈನ್ಸ್ ಆದ ಮೇಲೆ ಬಿಒಟಿ, ಅಂದರೆ ಓಟಿಯ ಪದವಿ. ಇಷ್ಟು ವರ್ಷ ನಡೆದುಬಂದ ಪದ್ಧತಿಯಲ್ಲಿ 4 ವರ್ಷ ಓದು, 6 ತಿಂಗಳು ಇಂಟರ್ನ್‌ಶಿಪ್. ಅದರ ಮೇಲೆ 2 ವರ್ಷದ ಎಂಒಟಿ, ಅಂದರೆ ಓಟಿಯ ಮಾಸ್ಟರ್ಸ್. ಪಾಠ ಹೇಳಲು ಎಂಒಟಿ ಬೇಕೇ ಬೇಕು. ಮೇಲೆ ಹೋಗಬೇಕು ಅಂದರೆ ಪಿಎಚ್‌ಡಿ.

ನಮ್ಮಲ್ಲಿ ಫಿಸಿಯೋಥೆರಪಿ ಕಾಲೇಜು ಬೀದಿಗೊಂದು ಇವೆ, ಓಟಿ ಕಾಲೇಜು ಬೆರಳೆಣಿಕೆ. ಕರ್ನಾಟಕದಲ್ಲಿ ಮಣಿಪಾಲದ ಹೆಸರು ಮೊದಲು ಬರುತ್ತದೆ. ಹೊರಗೆ ಹೋಗುವುದಾದರೆ ವೆಲ್ಲೂರಿನ ಸಿಎಂಸಿ, ಮುಂಬೈಯ ಕೆಇಎಂ, ಸಯನ್ ಮತ್ತು ನಾಯರ್ ಆಸ್ಪತ್ರೆಗಳ ಕಾಲೇಜುಗಳು, ಒಡಿಶಾದ ಓಲತಪುರದಲ್ಲಿರುವ ಸ್ವಾಮಿ ವಿವೇಕಾನಂದ ರಾಷ್ಟ್ರೀಯ ಪುನರ್ವಸತಿ ಸಂಸ್ಥೆ, ಕೋಲ್ಕತ್ತ ಮತ್ತು ದೆಹಲಿಯ ರಾಷ್ಟ್ರೀಯ ಸಂಸ್ಥೆಗಳು, ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿರುವ ಬಹುವಿಧ ಅಂಗವೈಕಲ್ಯ ಸಂಸ್ಥೆ. ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಫೀಸು ಕಡಿಮೆ, ಪೇಷಂಟ್ ಜಾಸ್ತಿ. ಅದಕ್ಕಿಂತ ಒಳ್ಳೆಯ ಜೋಡಿ ಬೇಕಾ?

ಒಂದು ಎಚ್ಚರ. 2021ರಲ್ಲಿ ಅಲೈಡ್ ಹೆಲ್ತ್‌ನವರಿಗಾಗಿ, ಅಂದರೆ ನಮ್ಮಂಥ ಆರೋಗ್ಯ ವೃತ್ತಿಯವರಿಗಾಗಿ, ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರಡಿಯಲ್ಲಿ ಪಠ್ಯಕ್ರಮ, ಪ್ರವೇಶ, ನೋಂದಣಿ ಮೂರೂ ಬದಲಾಗುತ್ತಿವೆ. ನೀವು ಸೇರುವ ವರ್ಷದ ನಿಯಮವನ್ನು ಆಯೋಗದ ಜಾಲತಾಣದಲ್ಲೇ ನೋಡಿ, ಕಾಲೇಜಿನವರು ಕೊಡುವ ಬಣ್ಣದ ಕರಪತ್ರವನ್ನು ನಂಬಿಕೊಂಡು ಕೂರಬೇಡಿ. ಇನ್ನೊಂದು, ಕೋರ್ಸಿಗೆ ಓಟಿಗಳ ವಿಶ್ವ ಒಕ್ಕೂಟದ, ಅಂದರೆ ಡಬ್ಲ್ಯುಎಫ್‌ಒಟಿಯ ಮಾನ್ಯತೆ ಇದೆಯಾ ಅಂತ ಕೇಳಿ. ಮುಂದೆ ಹೊರದೇಶಕ್ಕೆ ಹೋಗುವ ಆಸೆ ಇಲ್ಲದಿದ್ದರೂ ಕೇಳಿ. ಯಾಕೆಂದರೆ ಆ ಮಾನ್ಯತೆಗೆ ವಿದ್ಯಾರ್ಥಿ ಕನಿಷ್ಠ 1000 ಗಂಟೆ ಪೇಷಂಟ್‌ಗಳ ಜೊತೆ ಕೆಲಸ ಮಾಡಿರಬೇಕು. ಅಷ್ಟು ಗಂಟೆ ಕೊಡುವ ಆಸ್ಪತ್ರೆ ಆ ಕಾಲೇಜಿನ ಹಿಂದೆ ಇದೆಯಾ ಅನ್ನೋದು ಒಂದೇ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

2. ಮೊದಲ ಮೂರು ವರ್ಷ ವಾರ್ಡ್‌ಗೆ ಕೊಡಿ

ಬಿಒಟಿ ಮುಗಿದ ಮರುದಿನ ಎಂಒಟಿ, ಅದು ಮುಗಿದ ಮರುದಿನ ಲೆಕ್ಚರರ್. ಈ ದಾರಿ ಹಿಡಿದವರು ನನ್ನ ಸುತ್ತ ಬೇಕಾದಷ್ಟು ಜನ ಇದ್ದಾರೆ. ಕೆಟ್ಟವರಲ್ಲ, ಚೆನ್ನಾಗಿ ಓದಿದವರು. ಆದರೆ ಅವರ ಪಾಠದಲ್ಲಿ ಬರುವ ಪೇಷಂಟ್ ಯಾವಾಗಲೂ ಪುಸ್ತಕದ ಪೇಷಂಟ್. ಹೇಳಿದ್ದು ಕೇಳುತ್ತಾನೆ, ಹೇಳಿದ ದಿನ ಬರುತ್ತಾನೆ, ಅವನ ಮನೆಯಲ್ಲಿ ಕಮೋಡ್ ಇರುತ್ತದೆ.

ಎಂಒಟಿಗೆ ಮೊದಲೋ ಆಮೇಲೋ, ಒಟ್ಟು ಮೂರು ವರ್ಷ ಪೂರ್ತಿ ಕ್ಲಿನಿಕ್ ಮಾಡಿ. ಒಂದೇ ಕಡೆ ಕೂರಬೇಡಿ. ನರರೋಗ, ಕೈ ಮತ್ತು ಮೂಳೆ, ಮಕ್ಕಳು, ಮನೋರೋಗ, ನಾಲ್ಕನ್ನೂ ಮುಟ್ಟಿ. ಇವತ್ತು ಬೆಂಗಳೂರಿನಲ್ಲಿ ಮಕ್ಕಳ ಥೆರಪಿ ಸೆಂಟರ್‌ಗಳೇ ಹೆಚ್ಚು ಸಂಬಳ ಕೊಡುತ್ತವೆ, ಹಾಗಾಗಿ ಹೊಸಬರೆಲ್ಲ ಅಲ್ಲಿಗೇ ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಮೂರು ವರ್ಷ ಬರೀ ಉಯ್ಯಾಲೆ, ಥೆರಪಿ ಬಾಲ್ ಮಾಡಿದವರು ಮುಂದೆ ಲಕ್ವ ಹೊಡೆದವರ ಬಗ್ಗೆ ಪಾಠ ಹೇಳುವಾಗ ಕಷ್ಟಪಡುತ್ತಾರೆ. ಮನೋರೋಗದ ವಾರ್ಡ್ ಅಂತೂ ಬಿಡಲೇಬೇಡಿ. ಸಾಧ್ಯವಾದರೆ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗ ಹೇಗೆ ನಡೆಯುತ್ತದೆ ಅಂತ ಹೋಗಿ ನೋಡಿ. ಅಲ್ಲಿ ಕೆಲಸವೇ ಔಷಧಿಯಾಗಿ ಬಳಕೆಯಾಗುವುದನ್ನು ಕಣ್ಣಾರೆ ನೋಡಬಹುದು.

ಒಂದು ನೋಟ್‌ಬುಕ್ ಇಡಿ. ಹೆಸರು, ನಂಬರ್ ಏನೂ ಬೇಡ, ಪೇಷಂಟ್ ಯಾರು ಅಂತ ಯಾರಿಗೂ ಗೊತ್ತಾಗಬಾರದು. ಬರೆಯಬೇಕಾದ್ದು ಏನು ಅಂದರೆ, ನೀವು ಹೇಳಿಕೊಟ್ಟಿದ್ದು ಎಲ್ಲಿ ಕೆಟ್ಟಿತು ಅನ್ನೋದು. ನನ್ನ ಮೊದಲ ನೋಟ್‌ಬುಕ್‌ನಲ್ಲಿ ಒಂದು ಪುಟದಲ್ಲಿ ಇಷ್ಟೇ ಇದೆ: "ವೀಲ್‌ಚೇರ್ 25 ಇಂಚು. ಬಚ್ಚಲ ಬಾಗಿಲು 24 ಇಂಚು." ಆರು ವಾರ ವೀಲ್‌ಚೇರಿನಿಂದ ಸ್ನಾನದ ಕುರ್ಚಿಗೆ ಹೋಗೋದನ್ನು ಕಲಿಸಿ ಮನೆಗೆ ಕಳಿಸಿದ್ದೆ. ಒಂದು ಇಂಚಿಗೆ ಎಲ್ಲ ಹೋಯಿತು. ಕೊನೆಗೆ ಬಾಗಿಲಿನ ಚೌಕಟ್ಟು ಕಿತ್ತು ಪರದೆ ಹಾಕಿದರು. ಈಗ ಮನೆ ಭೇಟಿ ಬಗ್ಗೆ ಪಾಠ ಶುರು ಮಾಡುವಾಗ ಬೋರ್ಡ್ ಮೇಲೆ ಆ ಎರಡು ನಂಬರ್ ಬರೆದು ಸುಮ್ನೆ ನಿಲ್ಲುತ್ತೇನೆ. ಎರಡು ನಿಮಿಷದಲ್ಲಿ ಯಾರಾದರೂ ಕಂಡುಹಿಡಿಯುತ್ತಾರೆ.

3. ಎಂಒಟಿ ಯಾವುದರಲ್ಲಿ?

ನಿಮಗೆ ಬೇಜಾರಾಗದೆ ಹತ್ತು ವರ್ಷ ನೋಡಬಲ್ಲ ಪೇಷಂಟ್ ಯಾರೋ ಅದರಲ್ಲಿ. ಸೀಟು ಸಿಕ್ಕಿತು ಅಂತ ಯಾವುದೋ ಒಂದಕ್ಕೆ ಹೋಗಬೇಡಿ. ಗೈಡ್ ಆಗುವವರು ಈಗಲೂ ಪೇಷಂಟ್ ನೋಡುತ್ತಾರಾ ಅಂತ ಅವರ ಈಗಿನ ವಿದ್ಯಾರ್ಥಿಗಳ ಹತ್ತಿರ ಕೇಳಿ. ಅಷ್ಟೇ ಸಾಕು.

4. ಕ್ಲಾಸಿಗೆ ಹೋಗುವ ಮೊದಲು

ಮೊದಲ ಸೆಮಿಸ್ಟರಿನಲ್ಲಿ ಹೊಸ ಲೆಕ್ಚರರ್‌ಗೆ ಯಾರೂ ಬೇಡ ಅಂದ ವಿಷಯ ಕೊಡುತ್ತಾರೆ. ಸಾಮಾನ್ಯವಾಗಿ ವೃತ್ತಿಯ ಇತಿಹಾಸ, ಸಿದ್ಧಾಂತಗಳು. ಬೇಜಾರು ಮಾಡಿಕೊಳ್ಳಬೇಡಿ, ಅದರಲ್ಲೂ ಕಥೆ ಇದೆ. ಅಮೆರಿಕದಲ್ಲಿ ಹುಟ್ಟಿ ಇಲ್ಲಿಯವರನ್ನು ಮದುವೆಯಾಗಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬೈಯಲ್ಲಿ ನಮ್ಮ ದೇಶದ ಮೊದಲ ಓಟಿ ಶಾಲೆ ಶುರು ಮಾಡಿದರು. ಎಲ್ಲಿ? ಕೆಇಎಂ ಆಸ್ಪತ್ರೆಯಲ್ಲಿ. ಅಂದರೆ ಪೇಷಂಟ್‌ಗಳು ಇರುವ ಕಡೆಯೇ. ಎರಡೇ ವರ್ಷಕ್ಕೆ, 1952ರಲ್ಲಿ, ಓಟಿಗಳ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಒಂದು ಗಂಟೆ ಕ್ಲಾಸಿಗೆ ಮೂರು ಗಂಟೆ ತಯಾರಿ ಬೇಕು ಅಂತ ಮೊದಲ ವರ್ಷ ಲೆಕ್ಕ ಇಟ್ಟುಕೊಳ್ಳಿ. ಸ್ಲೈಡ್ ಕಡಿಮೆ ಮಾಡಿ. 60 ಸ್ಲೈಡ್ ಇದ್ದರೆ ನೀವು ಓದುತ್ತೀರಿ, ಅವರು ಫೋಟೋ ಹೊಡೆಯುತ್ತಾರೆ, ಯಾರೂ ಕಲಿಯೋದಿಲ್ಲ.

ಕೈಕೆಲಸ ಕಲಿಸುವಾಗ ಏನು ಮಾಡಬೇಕು ಅಂತ ಒಂದೇ ಉದಾಹರಣೆ ತೆಗೆದುಕೊಳ್ಳೋಣ, ಕಾಕ್-ಅಪ್ ಸ್ಪ್ಲಿಂಟ್. ರೇಡಿಯಲ್ ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬಿದ್ದವರಿಗೆ ಕೈಯನ್ನು ಮೇಲೆತ್ತಿ ಹಿಡಿಯುವ ಆಸರೆ ಅದು. ಪುಸ್ತಕದಲ್ಲಿ ಅರ್ಧ ಪುಟ. ಮಾಡಲು ಕೂತರೆ ಅರ್ಧ ದಿನ.

ಮೊದಲು ಕಾಗದ. ಪೇಷಂಟ್ ಕೈಯನ್ನು ಕಾಗದದ ಮೇಲಿಟ್ಟು ಗೆರೆ ಎಳೆಯಬೇಕು, ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದದಲ್ಲಿ ಮೂರರಲ್ಲಿ ಎರಡು ಭಾಗ ಸ್ಪ್ಲಿಂಟ್ ಬರಬೇಕು. ವಿದ್ಯಾರ್ಥಿಗಳು ಇಲ್ಲಿ ಗಿಡ್ಡ ಮಾಡುತ್ತಾರೆ, ಆಗ ಅಂಚು ತೋಳಿಗೆ ಒತ್ತುತ್ತದೆ. ಥರ್ಮೋಪ್ಲಾಸ್ಟಿಕ್ ಹಾಳೆ ದುಬಾರಿ, ಆದ್ದರಿಂದ ಕಾಗದದ ಮಾದರಿ ಕೈಗೆ ಸರಿಯಾಗಿ ಕೂರುವವರೆಗೆ ಹಾಳೆಗೆ ಕತ್ತರಿ ಹಾಕಲು ನಾನು ಬಿಡುವುದಿಲ್ಲ. ನೀರು ಸುಮಾರು 65ರಿಂದ 70 ಡಿಗ್ರಿ. ಕುದಿಯಬಾರದು. ಹಾಳೆ ಹಪ್ಪಳದ ಹಿಟ್ಟಿನ ಹಾಗೆ ಬಳುಕಲು ಶುರುವಾದಾಗ ತೆಗೆದು ಟವೆಲ್ ಮೇಲೆ ಒತ್ತಿ, ನೀರು ಹೀರಿಸಿ, ಮೊದಲು ನಿಮ್ಮ ಕೈಗೆ ತಾಗಿಸಿ ನೋಡಿ. ಪೇಷಂಟ್‌ಗೆ ಸ್ಪರ್ಶಜ್ಞಾನ ಕಡಿಮೆ ಇರಬಹುದು, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಆಮೇಲೆ ಕೆಲವೇ ನಿಮಿಷ ಸಮಯ, ಅಷ್ಟರಲ್ಲಿ ಹಾಳೆ ಗಟ್ಟಿಯಾಗುತ್ತದೆ. ಮಣಿಕಟ್ಟು 20ರಿಂದ 30 ಡಿಗ್ರಿ ಮೇಲಕ್ಕಿರಬೇಕು. ಅಂಗೈಯಲ್ಲಿ ಬೆರಳುಗಳ ಬುಡದ ಹತ್ತಿರ ಇರುವ ಅಡ್ಡ ಗೆರೆ ಕಾಣುತ್ತಿರಬೇಕು, ಅದನ್ನು ಮುಚ್ಚಿದರೆ ಬೆರಳು ಮಡಚೋಕೆ ಆಗುವುದಿಲ್ಲ. ಮೊದಲ ಸಲ ಮಾಡಿದ ಹತ್ತರಲ್ಲಿ ಎಂಟು ಜನ ಆ ಗೆರೆ ಮುಚ್ಚಿಬಿಡುತ್ತಾರೆ.

ಇಲ್ಲಿ ಮೇಷ್ಟರ ಕೆಲಸ ಏನು ಅಂದರೆ ಸುಮ್ಮನಿರುವುದು. ಗೆರೆ ಮುಚ್ಚುತ್ತಿರುವುದು ಕಾಣುತ್ತಿರುತ್ತದೆ, ಬಾಯಿ ತುರಿಸುತ್ತದೆ. ಹೇಳಬೇಡಿ. ಗಟ್ಟಿಯಾದ ಮೇಲೆ ಅದನ್ನು ಅವರ ಕೈಗೇ ಕಟ್ಟಿ, "ಈಗ ಪೆನ್ ಹಿಡಿದು ನಿಮ್ಮ ಹೆಸರು ಬರೀರಿ" ಅನ್ನಿ. ಅರ್ಧ ಗಂಟೆ ಹಾಕಿಕೊಂಡಿರಲಿ. ತೆಗೆದಾಗ ಎಲ್ಲಿ ಕೆಂಪಾಗಿದೆಯೋ ಅಲ್ಲಿ ಅಂಚು ಬಾಗಿಸಬೇಕು ಅಂತ ಚರ್ಮವೇ ಪಾಠ ಹೇಳುತ್ತದೆ. ಆ ಹಾಳೆಯನ್ನು ಮತ್ತೆ ಬಿಸಿನೀರಿಗೆ ಹಾಕಿದರೆ ಚಪ್ಪಟೆಯಾಗುತ್ತದೆ, ದುಡ್ಡು ಪೂರ್ತಿ ಹೋಗುವುದಿಲ್ಲ.

5. ಹಾಸಿಗೆ ಪಕ್ಕದ ಪಾಠ

ನನ್ನ ಲೆಕ್ಕದಲ್ಲಿ ಈ ವೃತ್ತಿಯ ಮುಕ್ಕಾಲು ಪಾಲು ಇಲ್ಲೇ ಕಲಿಯುವುದು, ಕಲಿಸುವುದು. ಕ್ರಮ ಹೀಗಿಟ್ಟುಕೊಳ್ಳಿ. ಹಿಂದಿನ ದಿನವೇ ಪೇಷಂಟ್ ಹತ್ತಿರ ಹೋಗಿ, ನಾಳೆ ನಾಲ್ಕು ಮಕ್ಕಳು ಬರುತ್ತಾರೆ, ನಿಮ್ಮನ್ನು ನೋಡಿ ಕಲಿಯಬಹುದಾ ಅಂತ ಕೇಳಿ. ಬೇಡ ಅಂದರೆ ಬಿಡಿ. ನಾಲ್ಕಕ್ಕಿಂತ ಜಾಸ್ತಿ ಜನ ಒಂದು ಹಾಸಿಗೆ ಸುತ್ತ ಬೇಡ. ಪೇಷಂಟ್ ಎದುರು ಇಂಗ್ಲಿಷಿನಲ್ಲಿ ಗುಸುಗುಸು ಬೇಡ. ಅವರಿಗೆ ಅರ್ಥವಾಗದ ಪದ ಕೇಳಿದರೆ, ನನಗೇನೋ ದೊಡ್ಡದಾಗಿದೆ ಅಂದುಕೊಳ್ಳುತ್ತಾರೆ.

ಒಂದು ಕೇಸ್ ಹೇಳುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಬಲಗಡೆ ಲಕ್ವ ಹೊಡೆದಿದ್ದ, ಅರವತ್ತು ದಾಟಿದ ರೈತರು. ಹಾಸನದ ಕಡೆಯವರು. ಮೂರನೇ ವರ್ಷದ ಹುಡುಗ ಬಹಳ ಶ್ರದ್ಧೆಯಿಂದ ಕೇಸ್ ತಯಾರು ಮಾಡಿದ್ದ. ಬಾರ್ತೆಲ್ ಇಂಡೆಕ್ಸ್ ಹಾಕಿದ್ದ, 1965ರಿಂದ ಜಗತ್ತಿನಾದ್ಯಂತ ಬಳಸುವ, 100 ಅಂಕದ, ಹತ್ತು ಕೆಲಸಗಳ ಅಳತೆಪಟ್ಟಿ ಅದು. "ಊಟದಲ್ಲಿ ಹತ್ತಕ್ಕೆ ಹತ್ತು ಮೇಡಂ. ಎಡಗೈಯಲ್ಲಿ ಚಮಚ ಹಿಡಿದು ಪೂರ್ತಿ ಒಬ್ಬರೇ ಊಟ ಮಾಡ್ತಾರೆ" ಅಂದ. ನೋಡಿದರೆ ನಿಜ, ನಮ್ಮೆದುರು ಚಮಚದಲ್ಲಿ ಉಪ್ಪಿಟ್ಟು ತಿಂದು ತೋರಿಸಿದರು. ಆದರೆ ಚಾರ್ಟ್‌ನಲ್ಲಿ ತೂಕ ಇಳಿಯುತ್ತಿತ್ತು.

"ಗೌಡ್ರೇ, ಊಟ ಸೇರ್ತಿಲ್ವಾ?" ಅಂದೆ. ಅವರು ಗೋಡೆ ನೋಡಿದರು. ಹೆಂಡತಿ ಹೇಳಿದರು, "ಎಡಗೈಲಿ ಉಣ್ಣಕ್ಕೆ ಇವ್ರಿಗೆ ಮನಸು ಒಪ್ಪಲ್ಲ ಕಣವ್ವ. ಯಾರಾದ್ರೂ ಇದ್ರೆ ಮುಟ್ಟದೇ ಇಲ್ಲ. ಅದೂ ಅಲ್ದೆ ಮುದ್ದೆ ಇಲ್ದೆ ಇವ್ರಿಗೆ ಊಟ ಅಂದ್ರೆ ಊಟನಾ?"

ಹುಡುಗ ನನ್ನ ಮುಖ ನೋಡಿದ. ಅವನ ಪುಸ್ತಕದಲ್ಲಿ ಬಲಗೈ ಹೋದವರಿಗೆ ಎಡಗೈ ಅಭ್ಯಾಸ ಮಾಡಿಸಿ ಅಂತ ಇದೆ, ಅದು ತಪ್ಪೂ ಅಲ್ಲ, ಆದರೆ ಆ ಪುಸ್ತಕ ಬರೆದವರ ಊರಿನಲ್ಲಿ ಎಡಗೈಯಲ್ಲಿ ಉಂಡರೆ ಯಾರೂ ತಿರುಗಿ ನೋಡುವುದಿಲ್ಲ. ನಾವು ಹೊರಗೆ ಕಾರಿಡಾರಿಗೆ ಬಂದು ಮುದ್ದೆ ಉಣ್ಣುವುದನ್ನು ಬಿಡಿಸಿ ಬಿಡಿಸಿ ಬರೆದೆವು. ಮೊದಲು ಬೆರಳು ಸಾರಿಗೆ ಅದ್ದಿ ಒದ್ದೆ ಮಾಡಿಕೊಳ್ಳುವುದು, ಇಲ್ಲದಿದ್ದರೆ ಅಂಟುತ್ತದೆ. ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ ತುತ್ತು ಮುರಿಯುವುದು. ಉಂಡೆ ಮಾಡುವುದು. ಸಾರಿನಲ್ಲಿ ಹೊರಳಿಸುವುದು. ಅಂಗೈ ತಿರುಗಿಸಿ ಬಾಯಿಗೆ ಒಯ್ಯುವುದು. ನುಂಗುವುದು. ಆರು ಹೆಜ್ಜೆಯಲ್ಲಿ ಅವರ ಬಲಗೈಗೆ ಈಗಲೇ ಯಾವುದು ಬರುತ್ತದೆ, ಯಾವುದಕ್ಕೆ ಎಡಗೈ ಬಟ್ಟಲು ಹಿಡಿದು ಸಹಾಯ ಮಾಡಬಹುದು ಅಂತ ಹುಡುಗನೇ ಕಂಡುಹಿಡಿದ.

ಆಮೇಲೆ ನಾನು ಒಂದೇ ಪ್ರಶ್ನೆ ಕೇಳಿದೆ. "ಮುದ್ದೆ ಅಗಿಯುತ್ತಾರಾ?" ಇಲ್ಲ, ನುಂಗುತ್ತಾರೆ. ಲಕ್ವ ಹೊಡೆದವರಲ್ಲಿ ಎಷ್ಟೋ ಜನರಿಗೆ ನುಂಗುವುದೇ ಕಷ್ಟ, ತುತ್ತು ಉಸಿರಿನ ದಾರಿಗೆ ಹೋದರೆ ಜೀವಕ್ಕೇ ಅಪಾಯ. ಹಾಗಾಗಿ ಮುದ್ದೆ ತಟ್ಟೆಗೆ ಬರುವ ಮೊದಲು ಸ್ಪೀಚ್ ಥೆರಪಿಯವರು ನೋಡಬೇಕು. ಹುಡುಗ ಓಡಿದ. ಅವರು ನೋಡಿ, ಸದ್ಯಕ್ಕೆ ಮೆತ್ತಗೆ, ತುತ್ತು ಸಣ್ಣದಾಗಿ, ನೆಟ್ಟಗೆ ಕೂತು ಅಂದರು. ಥೆರಪಿ ಕೋಣೆಯಲ್ಲಿ ಗೋಧಿ ಹಿಟ್ಟಿನ ಉಂಡೆಯಲ್ಲಿ ಅಭ್ಯಾಸ ಶುರುವಾಯಿತು. ನಾಲ್ಕನೇ ವಾರ ಬಲಗೈಯಿಂದ ಮೊದಲ ತುತ್ತು ಬಾಯಿಗೆ ಹೋಯಿತು, ಅರ್ಧ ಅಂಗಿಯ ಮೇಲೆ ಬಿತ್ತು, ಗೌಡರು ನಕ್ಕರು. ಪಟ್ಟಿಯಲ್ಲಿ ಆ ದಿನದ ಅಂಕ ಹತ್ತರಿಂದ ಐದಕ್ಕೆ ಇಳಿಯಿತು. ಹುಡುಗನಿಗೆ ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಸಂಜೆ ಬೇಕಾಯಿತು.

ನೀವು ವಾರದಲ್ಲಿ ಎರಡು ದಿನವಾದರೂ ವಾರ್ಡ್‌ನಲ್ಲಿ ಇಲ್ಲದಿದ್ದರೆ ಆ ಪ್ರಶ್ನೆ ನಿಮ್ಮ ಬಾಯಿಂದ ಬರುವುದಿಲ್ಲ. ಚಾರ್ಟ್ ನೋಡುವ ಅಭ್ಯಾಸವೂ ತಪ್ಪುತ್ತದೆ.

ಬೈಯುವ ವಿಚಾರ ಬಂದಾಗ: ಪೇಷಂಟ್ ಎದುರು ವಿದ್ಯಾರ್ಥಿಯನ್ನು ಬೈಯಬೇಡಿ. ಅಪಾಯದ ತಪ್ಪಾದರೆ ಮಧ್ಯೆ ಬಂದು ಕೈ ಹಾಕಿ, ಮಾತು ಆಮೇಲೆ. ಹೊರಗೆ ಬಂದ ಮೇಲೆ "ನಿನಗೇ ಏನನ್ನಿಸಿತು?" ಅಂತ ಮೊದಲು ಕೇಳಿ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಅವರಿಗೇ ಗೊತ್ತಿರುತ್ತದೆ.

6. ಪರೀಕ್ಷೆ ಮಾಡುವುದು

ನಮ್ಮ ಹಳೆಯ ಪ್ರಾಕ್ಟಿಕಲ್ ಪರೀಕ್ಷೆ ಅಂದರೆ ಅದೃಷ್ಟದ ಆಟ. ಒಬ್ಬನಿಗೆ ಸುಲಭದ ಪೇಷಂಟ್, ಇನ್ನೊಬ್ಬನಿಗೆ ಮಾತೇ ಆಡದ ಪೇಷಂಟ್. ಇದಕ್ಕೆ ಪರಿಹಾರವಾಗಿ 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡೆನ್ ಮತ್ತು ಜೊತೆಗಾರರು ತಂದ ಪದ್ಧತಿಯೇ ಆಸ್ಕಿ (ಒಎಸ್‌ಸಿಇ). ಸಣ್ಣ ಸಣ್ಣ ಸ್ಟೇಷನ್‌ಗಳು, ಎಲ್ಲರಿಗೂ ಒಂದೇ ಕೆಲಸ, ಒಂದೇ ಚೆಕ್‌ಲಿಸ್ಟ್. ಇದನ್ನು ಬರೆಯಲು ಕಲಿತ ಹೊಸ ಲೆಕ್ಚರರ್‌ಗೆ ಎಲ್ಲ ಕಡೆ ಬೇಡಿಕೆ.

ಒಂದು ಸ್ಟೇಷನ್ ಮಾಡಿ ನೋಡಿ. 7 ನಿಮಿಷ, ಹಾಸಿಗೆಯಿಂದ ವೀಲ್‌ಚೇರಿಗೆ. ವೀಲ್‌ಚೇರ್ ಪೇಷಂಟಿನ ಶಕ್ತಿ ಇರುವ ಕಡೆ ಇಟ್ಟರಾ, ಎರಡೂ ಬ್ರೇಕ್ ಹಾಕಿದರಾ, ಕಾಲಿಡುವ ತಟ್ಟೆ ಪಕ್ಕಕ್ಕೆ ಸರಿಸಿದರಾ, ಏನು ಮಾಡುತ್ತಿದ್ದೇವೆ ಅಂತ ಪೇಷಂಟ್‌ಗೆ ಹೇಳಿದರಾ. ಬ್ರೇಕ್ ಮರೆತರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ನನ್ನ ಪಟ್ಟಿಯಲ್ಲಿ ಸೊನ್ನೆ. ಈ ವಿಷಯದಲ್ಲಿ ನನಗೆ ಕೆಟ್ಟ ಹೆಸರಿದೆ, ಇರಲಿ. ಪೇಷಂಟ್ ಪಾತ್ರಕ್ಕೆ ಜೂನಿಯರ್‌ಗಳನ್ನು ಒಂದು ದಿನ ಮೊದಲೇ ತಯಾರು ಮಾಡಿ, ಇಲ್ಲದಿದ್ದರೆ ಅವರು ಪಾಪ ಅಂತ ಸಹಾಯ ಮಾಡಿಬಿಡುತ್ತಾರೆ.

7. ಪಿಎಚ್‌ಡಿ, ಪೇಪರ್

ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಕೆಲಸದಲ್ಲಿದ್ದುಕೊಂಡೇ ಪಾರ್ಟ್‌ಟೈಮ್ ಮಾಡಬಹುದು, ಕಾಲೇಜಿನಿಂದ ಒಪ್ಪಿಗೆ ಪತ್ರ ಬೇಕು. ಆ ಪತ್ರದಲ್ಲಿ ನಿಮಗೆ ಸಂಶೋಧನೆಗೆ ಸಮಯ ಕೊಡುತ್ತಾರೆ ಅನ್ನೋದೂ ಬರೆದಿರಬೇಕು. ಅದನ್ನು ಸುಮ್ನೆ ಕಾಗದ ಅಂದುಕೊಳ್ಳಬೇಡಿ, ಮುಂದೆ ಅದೇ ಹಿಡಿದುಕೊಂಡು ಎಚ್‌ಒಡಿ ಹತ್ತಿರ ಮಾತಾಡಬೇಕಾಗುತ್ತದೆ.

ವಿಷಯ ಎಲ್ಲಿಂದ? ನೋಟ್‌ಬುಕ್‌ನಿಂದ. ನೆಲದ ಮೇಲೆ ಕೂರುವುದು, ಇಂಡಿಯನ್ ಟಾಯ್ಲೆಟ್, ಕೈಯಿಂದ ಊಟ, ಸೀರೆ ಉಡುವುದು, ಇವುಗಳಿಗೆಲ್ಲ ನಮ್ಮ ಜನಕ್ಕೆ ಹೊಂದುವ ಅಳತೆ ಇನ್ನೂ ಬೇಕಾಗಿದೆ. ಬೇರೆಯವರ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದೂ ದೊಡ್ಡ ಕೆಲಸವೇ. ಆದರೆ ಒಬ್ಬರು ಅನುವಾದ ಮಾಡಿ ಕೈತೊಳೆದುಕೊಂಡರೆ ಆಗದು. ಬೇರೆ ಇಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಬೇಕು, ಹೋಲಿಸಬೇಕು, ಆಮೇಲೆ ಕಲಬುರಗಿಯವರಿಗೂ ಕುಂದಾಪುರದವರಿಗೂ ಒಂದೇ ಅರ್ಥ ಬರುತ್ತದಾ ಅಂತ ಓದಿಸಿ ನೋಡಬೇಕು. ಬೇರೆಯವರ ಅಳತೆಪಟ್ಟಿ ಮುಟ್ಟುವ ಮೊದಲು ಅದರ ಮಾಲೀಕರ ಒಪ್ಪಿಗೆ ತೆಗೆದುಕೊಳ್ಳಿ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಒಬ್ಬ ಪೇಷಂಟ್‌ನ ಮಾಹಿತಿಯನ್ನೂ ಸಂಗ್ರಹಿಸಬೇಡಿ. ಚಿಕಿತ್ಸೆಯ ಪ್ರಯೋಗವಾದರೆ ಸಿಟಿಆರ್‌ಐನಲ್ಲಿ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಯಲ್ಲಿ, ಮೊದಲೇ ನೋಂದಾಯಿಸಬೇಕು. 2018ರ ಏಪ್ರಿಲ್‌ನಿಂದ ಅಲ್ಲಿ, ಪೇಷಂಟ್ ಸೇರಿಸಿಕೊಂಡ ಮೇಲೆ ನೋಂದಣಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಎಂಒಟಿ ಥೀಸಿಸ್‌ಗಳು ಇಲ್ಲೇ ಎಡವುತ್ತವೆ, ಆಮೇಲೆ ಯಾವ ಜರ್ನಲ್ ಕೂಡ ಮುಟ್ಟುವುದಿಲ್ಲ. ನಮ್ಮ ಸಂಘದ ಇಂಡಿಯನ್ ಜರ್ನಲ್ ಆಫ್ ಆಕ್ಯುಪೇಷನಲ್ ಥೆರಪಿಯಿಂದ ಶುರು ಮಾಡಿ. ದುಡ್ಡು ಕಟ್ಟಿದರೆ ವಾರದೊಳಗೆ ಹಾಕಿಕೊಡುತ್ತೇವೆ ಅನ್ನುವ ಇಮೇಲ್‌ಗಳನ್ನು ಓದದೆ ಅಳಿಸಿ.

8. ಇಂಟರ್‌ವ್ಯೂನಲ್ಲಿ ನೀವು ಕೇಳಬೇಕಾದ್ದು

ಅವರು ಕೇಳುವುದು ಹೇಗೂ ಗೊತ್ತಿರುತ್ತದೆ. ನೀವು ಕೇಳಿ: ವಾರಕ್ಕೆ ಎಷ್ಟು ಗಂಟೆ ಕ್ಲಾಸ್? ಕ್ಲಿನಿಕ್ ಗಂಟೆಯನ್ನು ಕೆಲಸದ ಲೆಕ್ಕಕ್ಕೆ ಹಿಡಿಯುತ್ತೀರಾ, ಇಲ್ಲ ಅದು ನಮ್ಮ ಖುಷಿಗಾ? ದಿನಕ್ಕೆ ಎಷ್ಟು ಓಟಿ ಪೇಷಂಟ್ ಬರುತ್ತಾರೆ? ಸಾಧ್ಯವಾದರೆ ಇಂಟರ್‌ವ್ಯೂಗೆ ಒಂದು ಗಂಟೆ ಮೊದಲೇ ಹೋಗಿ ಓಪಿಡಿ ಎದುರು ಬೆಂಚಿನ ಮೇಲೆ ಕೂತು ಎಣಿಸಿ. ಕಾಗದದ ಮೇಲಿನ ಸಂಖ್ಯೆಗೂ ಬೆಂಚಿನಿಂದ ಕಂಡ ಸಂಖ್ಯೆಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಎಂಒಟಿ ಆದವರಿಗೆ ಖಾಸಗಿ ಮಕ್ಕಳ ಸೆಂಟರ್ ಕೊಡುವಷ್ಟು ಸಂಬಳ ಕಾಲೇಜಿನಲ್ಲಿ ಶುರುವಿಗೆ ಸಿಗದಿರಬಹುದು, ಮನೆಯಲ್ಲಿ ಅದನ್ನು ಮೊದಲೇ ಹೇಳಿಬಿಡಿ.

ಸೇರಿದ ಮೇಲೆ ಟೈಮ್‌ಟೇಬಲ್ ಮಾಡುವ ದಿನ ಹಾಜರಿರಿ, ರಜೆ ಹಾಕಬೇಡಿ. ಮಂಗಳವಾರ, ಶುಕ್ರವಾರ ಬೆಳಿಗ್ಗೆ 9ರಿಂದ 12 ನನ್ನ ಹೆಸರಿನ ಎದುರು ಓಪಿಡಿ ಅಂತ ಬರೆಸಿಕೊಳ್ಳಿ. ಬರೆಸದಿದ್ದರೆ ಆ ಜಾಗದಲ್ಲಿ ಮೀಟಿಂಗ್ ಬಂದು ಕೂರುತ್ತದೆ. ಮಾನ್ಯತೆ ತಪಾಸಣೆಯ ವರ್ಷ ಫೈಲ್ ಕೆಲಸ ಎಲ್ಲವನ್ನೂ ತಿನ್ನುತ್ತದೆ, ಆ ವರ್ಷ ಒಂದು ದಿನವನ್ನಾದರೂ ಉಳಿಸಿಕೊಳ್ಳಿ.

9. ಹೊರದೇಶದ ಆಸೆ ಇದ್ದರೆ

ಅಮೆರಿಕಕ್ಕೆ ಹೋಗುವವರು ಅಲ್ಲಿನ ಓಟಿ ಪ್ರಮಾಣಪತ್ರಕ್ಕೆ ಎನ್‌ಬಿಸಿಒಟಿ ಪರೀಕ್ಷೆ ಬರೆಯಬೇಕು, 2007ರಿಂದ ಅಲ್ಲಿ ಬಿಒಟಿ ಒಂದೇ ಸಾಲದು, ಮಾಸ್ಟರ್ಸ್ ಮಟ್ಟದ ಓದು ಬೇಕು. ಇಂಗ್ಲೆಂಡಿನಲ್ಲಿ ಎಚ್‌ಸಿಪಿಸಿ ಅನ್ನುವ ಆರೋಗ್ಯ ವೃತ್ತಿಗಳ ಮಂಡಳಿಯ ನೋಂದಣಿ. ಎರಡಕ್ಕೂ ನೀವು ಓದಿದ ಪ್ರತಿ ವಿಷಯದ ವಿವರ, ಪೋಸ್ಟಿಂಗ್ ಗಂಟೆಗಳ ಲೆಕ್ಕ ಕೇಳುತ್ತಾರೆ. ಹತ್ತು ವರ್ಷ ಆದ ಮೇಲೆ ಕಾಲೇಜಿನಲ್ಲಿ ಹುಡುಕಿಸುವುದು ತಲೆನೋವು. ಇಂಟರ್ನ್‌ಶಿಪ್ ಮುಗಿದ ವಾರವೇ ಸಹಿ, ಸೀಲು ಹಾಕಿಸಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಇದನ್ನು ಇಲ್ಲೇ ಇರುವವರೂ ಮಾಡಬೇಕು, ಪ್ರಮೋಷನ್‌ಗೂ ಬೇಕಾಗುತ್ತದೆ. ನನ್ನ ಕಪಾಟಿನಲ್ಲಿ ಒಂದು ಹಸಿರು ಫೈಲ್ ಇದೆ, ಅದರಲ್ಲಿ ನೋಂದಣಿ, ಸಂಘದ ಸದಸ್ಯತ್ವ, ಪ್ರತಿ ವರ್ಷ ಕಲಿಸಿದ ವಿಷಯಗಳ ಪಟ್ಟಿ, ವಿದ್ಯಾರ್ಥಿಗಳ ಅಭಿಪ್ರಾಯ, ಕ್ಲಿನಿಕ್ ಗಂಟೆಗಳ ಲೆಕ್ಕ. ಕೊನೆಯದನ್ನು ಯಾರೂ ಕೇಳಿಲ್ಲ ಇಲ್ಲಿಯವರೆಗೆ. ನಾನು ಮಾತ್ರ ಬರೆದಿಡುತ್ತೇನೆ.

ಇಷ್ಟೆಲ್ಲ ಓದಿದ ಮೇಲೂ "ಕ್ಲಿನಿಕ್ ಸಾಕಾಗಿದೆ" ಅಂತಲೇ ಅನ್ನಿಸುತ್ತಿದ್ದರೆ ಮೊದಲು 15 ದಿನ ರಜೆ ಹಾಕಿ ಊರಿಗೆ ಹೋಗಿ ಬನ್ನಿ. ಅರ್ಜಿ ಆಮೇಲೆ ಹಾಕೋಣ.